ಜಾಬರ್ ಮಾಮಾ ನೋಡಿದ ಸಮುದ್ರ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಒಂದು ಹನಿ ಬೆರಳಿಗೆ ತಾಗಿತು. ಒರೆಸಿಕೊಂಡರೂ ವಾಸನೆ ಹೋಗಲಿಲ್ಲ. ಕೊಲ್ಹಾಪುರದ ನನ್ನ ಈ ಪುಟ್ಟ ಮನೆಯೊಳಗೆ ಜಾಬರ್ ಮಾಮಾ ಬಂದು ನಿಂತಂತಾಯಿತು...

ಇಚಲಕರಂಜಿಯಲ್ಲಿ ಅಪ್ಪನ ವಿದ್ಯುತ್ ಮಗ್ಗಗಳ ಶೆಡ್ಡು ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಕೆಟ್ಟ ಮಗ್ಗ ರಿಪೇರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಎನ್ನುತ್ತಾರೆ. ನಾನು ಹುಟ್ಟುವ ಮೊದಲಿನಿಂದಲೂ ಅವರೇ ನಮ್ಮ ಜಾಬರ್. ಮಗ್ಗ ತಕರಾರು ಮಾಡಿದರೆ ಅದರ ಮೈಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಂದ ವ್ಯಾಪಾರಿಗಳಿಗೆಲ್ಲ ಅಪ್ಪ ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದ. ಮಾಮಾನ ದೊಡ್ಡ ಗಂಟಲು ಮಾತ್ರ ನಮಗೆ ಸಾಕಾಗಿ ಹೋಗಿತ್ತು. ಒಂದು ಕಪ್ ಚಹಾ ಬೇಕಾದರೂ ಓಣಿಗೆಲ್ಲ ಡಂಗುರ ಸಾರಬೇಕು. ಶೆಡ್ಡಿನ ಗದ್ದಲದಲ್ಲಿ ಎಲ್ಲರೂ ತುಟಿ ನೋಡಿಯೇ ಮಾತು ತಿಳಿಯುವುದರಿಂದ, ಅವರು ನಮ್ಮ ಬಾಯನ್ನೇ ದಿಟ್ಟಿಸುವುದು ಯಾರಿಗೂ ವಿಚಿತ್ರ ಎನಿಸಿರಲಿಲ್ಲ.

ನನ್ನ ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ವೆಂಗುರ್ಲಾ ಕಡೆಗೆ ಹೊರಟೆವು. ಮಗ್ಗದ ಸದ್ದಿಲ್ಲದ ಕಡೆ ಎರಡು ದಿನ ನಿದ್ದೆ ಮಾಡಬೇಕು ಎಂದು ಅವ್ವ ಹಟ ಹಿಡಿದಿದ್ದಳು. ನಮ್ಮ ಹಳೇ ವ್ಯಾನು ಘಾಟಿನಲ್ಲಿ ಕೈಕೊಟ್ಟರೆ ಇರಲಿ ಎಂದು ಅಪ್ಪ ಜಾಬರ್ ಮಾಮಾನನ್ನೂ ಕರೆದ. ಸಮುದ್ರ ಕಂಡಿರದ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಮಗಿಂತ ಮೊದಲೇ ಬಂದು ನಿಂತಿದ್ದರು.

ಕಬ್ಬಿನ ಗದ್ದೆಗಳುದ್ದಕ್ಕೂ ಅವರ ಬಾಯಿ ನಿಲ್ಲಲಿಲ್ಲ. ಗಡಹಿಂಗ್ಲಜದಲ್ಲಿ ತಿಂಡಿಗೆ ನಿಂತಾಗ, “ಮಿಸಳ ಭಾರೀ ಐತಿ ನೋಡ್ರಿ ಅಕ್ಕಾರ!” ಎಂದು ಅವರು ಕೂಗಿದ ರೀತಿಗೆ ಹೋಟೆಲಿನವರೆಲ್ಲ ತಿರುಗಿ ನೋಡಿದರು. ಅವ್ವ ಮುಖ ಸಿಂಡರಿಸಿದಳು. ನಾನು ಇವರ ಪೈಕಿ ಅಲ್ಲವೇ ಅಲ್ಲ ಎಂಬಂತೆ ಗೋಡೆ ನೋಡುತ್ತ ಕುಳಿತೆ.

ನಾವು ಇಳಿದುಕೊಂಡದ್ದು ಗಾಳಿಮರಗಳ ನಡುವಿನ ನಾಲ್ಕಾರು ಕೋಣೆಗಳ ಜಾಗ. ಪುಣೆಯ ಕಡೆಯ ಕೆಲವರು ಕುರ್ಚಿ ಹಾಕಿಕೊಂಡು ಪುಸ್ತಕ ಓದುತ್ತಿದ್ದರು. ಮಾಮಾ ಬಾಯಿ ತೆರೆದದ್ದೇ ತಡ, ಒಬ್ಬಾಕೆ “ಅಹೋ, ಜರಾ ಹಳೂ ಬೋಲಾ!” ಎಂದು, ಮೆಲ್ಲಗೆ ಮಾತಾಡಿರೆಂದು ಮರಾಠಿಯಲ್ಲಿ ಗದರಿದಳು. ಅವಮಾನದಿಂದ ಕೆಂಪಾದ ಅಪ್ಪ ಮಾಮಾನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ. ಅದು ಅವರಿಗೆ ತಿಳಿಯಿತು. ಆಮೇಲೆ ಅವರು ಮಾತೇ ಆಡಲಿಲ್ಲ. ನಮಗೋ, ಪೀಡೆ ತೊಲಗಿದಷ್ಟು ಸಮಾಧಾನ.

ಸಂಜೆ ದಂಡೆಗೆ ಹೋದಾಗ ಸಮುದ್ರಕ್ಕೆ ಭರತ ಏರಿತ್ತು. ತೆರೆಗಳ ಅಬ್ಬರಕ್ಕೆ ನಾವೇ ಒಬ್ಬರಿಗೊಬ್ಬರು ಕೂಗಿ ಮಾತಾಡಬೇಕಾಗಿತ್ತು. ಮಾಮಾ ಪಾದ ತೋಯಿಸಿಕೊಂಡು ಬಹಳ ಹೊತ್ತು ನಿಂತರು. ಆಮೇಲೆ ಅಪ್ಪನ ಕಿವಿಯ ಹತ್ತಿರ ಬಂದು, ಮೆಲ್ಲಗೆ ಮಾತಾಡಲು ಪಾಡುಪಡುತ್ತ ಹೇಳಿದರು: “ಮಾಲಕ್ರ, ಸಮುದ್ರ ಭಾಳ ಶಾಂತ ಐತ್ರಿ. ನಾ ಸದ್ದ ಮಾಡ್ತೈತಿ ಅನ್ಕೊಂಡಿದ್ದೆ.”

ನಾವು ಹೊಟ್ಟೆ ಹಿಡಿದು ನಕ್ಕೆವು. ನಮ್ಮನ್ನು ನೋಡಿ ಅವರೂ ನಕ್ಕರು. ಮೊದಲು ನಗು ನಿಂತದ್ದು ಅಪ್ಪನದು. ಅವನು ಅವರ ಬೆನ್ನ ಹಿಂದೆ ಹೋಗಿ ಕರೆದ. ಮತ್ತೆ ಕರೆದ, ಗಂಟಲು ಹರಿಯುವಂತೆ. ಮಾಮಾ ತಿರುಗಲಿಲ್ಲ. ಕೊನೆಗೆ ನಮ್ಮ ಮುಖ ನೋಡಿ ಅನುಮಾನ ಬಂದು ತಿರುಗಿದಾಗ, ಅಪ್ಪ ಬಾಯಿ ತೆರೆದುಕೊಂಡೇ ನಿಂತಿದ್ದ.

ಮಾಮಾ ಅಪ್ಪನ ಎರಡೂ ಕೈ ಹಿಡಿದುಕೊಂಡರು. “ಮಗ್ಗದಿಂದ ನನ್ನ ತಗೀಬ್ಯಾಡ್ರಿ ಮಾಲಕ್ರ. ಅದೊಂದ ನನಗ ತಿಳೀತೈತಿ. ಕಾಲಾಗ ತಿಳೀತೈತಿ, ಕೈಯಾಗ ತಿಳೀತೈತಿ...”

ಅಪ್ಪ ಆಗಲಿ ಎಂದು ತಲೆಯಾಡಿಸಿದ. ಊರಿಗೆ ಬಂದ ವಾರದೊಳಗೆ ಅವರನ್ನು ಹಿತ್ತಲಿನ ಬಟ್ಟೆಯ ಗೋದಾಮಿಗೆ ಹಾಕಿದ. ಕಿವಿ ಕೇಳದವನ ಕೈ ಯಂತ್ರದ ಪಟ್ಟಿಗೆ ಸಿಕ್ಕರೆ ಯಾರು ಹೊಣೆ ಎಂದ. ಅವ್ವ, “ಇನ್ನ ಆರಾಮ ಇರ್ತಾರ ಬಿಡ್ರಿ” ಎಂದಳು. ಪಗಾರ ಕಡಿಮೆ ಮಾಡಲಿಲ್ಲ, ಆದ್ದರಿಂದ ಧರ್ಮದ ಕೆಲಸ ಮಾಡಿದೆವೆಂದೇ ನಂಬಿದೆವು. ನಮ್ಮನ್ನು ಸಾಕಿದ ಮಗ್ಗಗಳೇ ಅವರ ಕಿವಿ ತಿಂದಿದ್ದವು ಎಂಬ ಮಾತು ನಮ್ಮ ಮನೆಯಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ.

ಗೋದಾಮಿನ ಬಟ್ಟೆಯ ಮೂಟೆಗಳ ನಡುವೆ ಮಗ್ಗದ ನಡುಕ ಅವರ ಕಾಲಿಗೆ ಮುಟ್ಟುತ್ತಿರಲಿಲ್ಲ. ಚಹಾ ಒಯ್ದಾಗ ಅವರು ಕೇಳುತ್ತಿದ್ದುದು ಒಂದೇ ಮಾತು: “ಮಗ್ಗ ನಡದಾವೇನವಾ?” ಶೆಡ್ಡಿನ ಗದ್ದಲಕ್ಕೆ ನನಗೆ ನನ್ನ ಮಾತೇ ಕೇಳುತ್ತಿರಲಿಲ್ಲ. ಹೂಂ ಎಂದು ತಲೆಯಾಡಿಸಿ, ಅವರ ಕಣ್ಣು ತಪ್ಪಿಸಿ ಹೊರಗೆ ಬರುತ್ತಿದ್ದೆ.

ಮರುವರ್ಷ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಮ್ಮ ಓಣಿಯಲ್ಲಿ ಶೆಡ್ಡಿನವರು ಯಾರೇ ಸತ್ತರೂ ಒಂದು ಪಾಳಿ ಮಗ್ಗ ನಿಲ್ಲಿಸುವ ರೂಢಿಯಿತ್ತು. ಅಪ್ಪ ನಿಲ್ಲಿಸಲಿಲ್ಲ. ಜಾಬರ್ ಮಾಮಾ ಈಗ ಗೋದಾಮಿನವರಲ್ಲವೇ ಎಂದ. ಅವರನ್ನು ಹೊತ್ತುಕೊಂಡು ನಮ್ಮ ಬಾಗಿಲ ಮುಂದೆ ಹೋಗುವಾಗ ಒಳಗೆ ಎಲ್ಲ ಮಗ್ಗಗಳೂ ನಡೆಯುತ್ತಿದ್ದವು.

ಈಗ ಅಪ್ಪನೂ ಇಲ್ಲ, ಶೆಡ್ಡೂ ಇಲ್ಲ... ಆ ಓಣಿಗೆ ಹೋದರೆ ಇಂದಿಗೂ ಅಲ್ಲೇ ಇರುವ ಜಾಬರ್ ಮಾಮಾನ ಮನೆಯವರ ಮುಂದೆ ನನ್ನ ತಲೆ ಮೇಲೇಳುವುದಿಲ್ಲ.