ಅಂಗಳದವರಿಗೆ ತೆರೆದ ಬಾಗಿಲು

ಜಿಪರಳ ಬಾಲ್ಕನಿಯಲ್ಲಿ ಇಂದಿಗೂ ಒಂದು ತಂತಿಸುರುಳಿ ಇದೆ. ಅದರ ತುದಿಗೆ ಕಟ್ಟಿದ ಚೀಟಿಯಲ್ಲಿ ‘ಸಗಿನ್, ಮೂರನೇ ಮಹಡಿ’ ಎಂದು ಬರೆದಿದೆ.

ಬಿಷ್ಕೆಕ್ ನಗರದ ಆ ಬಡಾವಣೆಯಲ್ಲಿ ಇಂಟರ್‌ನೆಟ್ ದುಬಾರಿಯಾಗಿದ್ದ ಕಾಲ. ಒಂದೇ ಅಂಗಳದ ಸುತ್ತಲಿನ ನಾಲ್ಕು ಕಟ್ಟಡಗಳಿಗೆ ತಾರಸಿಯಿಂದ ತಾರಸಿಗೆ ತಂತಿ ಎಳೆದು, ಕಂಪ್ಯೂಟರುಗಳನ್ನು ಬೆಸೆದವಳು ಜಿಪರ್. ಹವಾಮಾನ ಕೇಂದ್ರದಲ್ಲಿ ಉಪಕರಣ ನೋಡಿಕೊಂಡಿದ್ದವಳು. ತಂತಿಗೆ ಹೆಸರಿನ ಚೀಟಿ ಕಟ್ಟದೆ ಏಣಿ ಇಳಿದವಳಲ್ಲ.

ಆ ಜಾಲದಲ್ಲಿ ಎಲ್ಲರಿಗೂ ಬೇಕಾಗಿದ್ದುದು ಸಗಿನ್ ಅಜ್ಜನ ಕಂಪ್ಯೂಟರು. ಅವರ ಹೆಂಡತಿ ಉರ್ಕುಯಾ ರೇಡಿಯೊದಲ್ಲಿ ಹಾಡುತ್ತಿದ್ದವಳು. ಆ ಹಾಡುಗಳನ್ನು ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಏರಿಸಿ, ಕೇಳಿದ ಮನೆಗೆ ಹಾಡು ಕಳಿಸುವ ಪುಟ್ಟ ಪ್ರೋಗ್ರಾಮನ್ನೂ ಜಿಪರಳೇ ಹಾಕಿಕೊಟ್ಟಿದ್ದಳು. ಉರ್ಕುಯಾ ತೀರಿಹೋದ ಮೇಲೆ ಅಜ್ಜ ಸಂಜೆ ಅಂಗಳದ ಬೆಂಚಿನಲ್ಲಿ ಕೂತು, ಯಾವ ಕಿಟಕಿಯಿಂದ ಅವಳ ದನಿ ಬರುತ್ತದೋ ಅತ್ತ ಮುಖ ತಿರುಗಿಸುತ್ತಿದ್ದರು.

ವಸಂತದಲ್ಲಿ ಆ ಕಂಪ್ಯೂಟರಿಗೆ ವೈರಸ್ ಹೊಕ್ಕಿತು. ‘ಹೊರಗಿನವರು ಕೇಳುತ್ತಿದ್ದಾರೆ, ಒಳಗೆ ಬಿಡಲೇ?’ ಎಂದು ಕಾವಲು ಪ್ರೋಗ್ರಾಮಾದ ಫೈರ್‌ವಾಲ್ ಕೇಳಿದಾಗಲೆಲ್ಲ ಅಜ್ಜ ‘ಬಿಡು’ ಒತ್ತಿದ್ದರು.

“ಯಾರು ಏನು ಅಂತ ನೋಡ್ಬಾರ್ದಾ, ಅತಾ?” ಎಂದಳು ಜಿಪರ್. ಅಜ್ಜನನ್ನು ಅವಳು ಕರೆಯುತ್ತಿದ್ದುದೇ ‘ಅತಾ’ ಎಂದು.

“ಹೊಸ್ತಿಲಿಗೆ ಬಂದವರನ್ನ ವಾಪಸ್ ಕಳಿಸೋಕಾಗುತ್ತಾ, ಮಗಳೇ? ನಮ್ಮಪ್ಪ ಕುದುರೆ ಕಳ್ಳನಿಗೂ ಮೊದ್ಲು ಚಹಾ ಕೊಟ್ಟು ಆಮೇಲೆ ಹೆಸರು ಕೇಳಿದ್ದು.”

“ಕುದುರೆ ಉಳೀತಾ?”

“ಇಲ್ಲ.”

ಜಿಪರ್ ವೈರಸ್ ತೆಗೆದಳು. ಇನ್ನು ಅಜ್ಜನನ್ನು ಕೇಳುವ ಗೊಡವೆಯೇ ಬೇಡವೆಂದು, ಯಾರು ಬಂದರೂ ಫೈರ್‌ವಾಲ್ ಸದ್ದಿಲ್ಲದೆ ತಡೆಯುವಂತೆ ಮಾಡಿ ಹೋದಳು.

ಉರ್ಕುಯಾ ತೀರಿ ವರ್ಷ ತುಂಬಿದ ಊಟದ ಹಿಂದಿನ ದಿನ ಅಜ್ಜ ಜಿಪರಳ ಬಾಗಿಲಿಗೆ ಬಂದರು.

“ನಾಳೆ ಹಾಡು ಬೇಡ ಕಣಮ್ಮ. ಅಂಗಳದವರಿಗೆ ಅವಳು ಸಾಕಾಗಿದ್ದಾಳೆ. ಒಂದು ಕಿಟಕೀಲೂ ಕೇಳ್ತಿಲ್ಲ.”

ಜಿಪರಳಿಗೆ ತಾನು ಬಿಗಿದು ಹೋದ ಕಾವಲು ನೆನಪಾಯಿತು. “ಅವರಲ್ಲ ಅತಾ, ಬಾಗಿಲು ಹಾಕಿದ್ದು ನಾನು.”

ಅಜ್ಜನ ಮನೆಗೆ ಹೋಗಿ ಕೂತಳು. ಆ ಕಂಪ್ಯೂಟರಿನಲ್ಲಿಯೇ ಹಾಡು ಹಾಕಿ ನೋಡಿದಳು, ಬಂತು. ಪಕ್ಕದ ಮನೆಯಿಂದ ಹಾಕಿಸಿದಳು, ಬರಲಿಲ್ಲ. ಅಲ್ಲಿಗೆ ತಪ್ಪು ಆ ಕಾವಲಿನಲ್ಲೇ ಇದೆಯೆಂಬುದು ಖಚಿತವಾಯಿತು. ಹಾಡಿನ ಪ್ರೋಗ್ರಾಮಿಗೆ ಮಾತ್ರ, ಅದೂ ಅಂಗಳದ ಕಂಪ್ಯೂಟರುಗಳ ವಿಳಾಸಗಳಿಂದ ಬಂದವರಿಗೆ ಮಾತ್ರ, ದಾರಿ ಬಿಡುವಂತೆ ಹೊಸ ನಿಯಮ ಬರೆದಳು. ಉಳಿದವರಿಗೆ ಬಾಗಿಲು ಮುಚ್ಚಿಯೇ ಇತ್ತು.

“ಪಕ್ಕದ್ಮನೆ ನಾರ್ಗಿಜಾ ಬರಬಹುದಾ?” ಅಜ್ಜ ಬೆನ್ನ ಹಿಂದೆ ನಿಂತು ಕೇಳಿದರು.

“ಬರಬಹುದು.”

“ನನ್ನ ಕೇಳ್ದೇನೇ?”

“ಕೇಳ್ದೇನೇ.”

“ಅವಳು ಯಾವತ್ತು ಕೇಳಿಕೊಂಡು ಬಂದಿದ್ದಾಳೆ, ಬಿಡು.”

ಅಷ್ಟರಲ್ಲಿ ಗೋಡೆಯಾಚೆಯಿಂದ ಉರ್ಕುಯಾಳ ದನಿ ಕೇಳಿಸಿತು. ಅಜ್ಜ ರೊಟ್ಟಿಯ ಒಂದು ಚೂರು ಮುರಿದು ಜಿಪರಳ ಕೈಗಿಟ್ಟರು; ಅದನ್ನು ಬಾಯಿಗೆ ಹಾಕಿಕೊಳ್ಳದೆ ಆ ಮನೆಯಿಂದ ಯಾರೂ ಹೊರಡುವಂತಿರಲಿಲ್ಲ.

ಮರುದಿನ ಅಂಗಳದಲ್ಲಿ ಹಂಡೆಯಲ್ಲಿ ಮಾಂಸ ಬೇಯುತ್ತಿತ್ತು. ಜನ ತಂತಮ್ಮ ಕಿಟಕಿ ತೆರೆದು ಒಂದೇ ಹಾಡು ಹಾಕಿದರು. ಒಂದೊಂದು ಮನೆಯಲ್ಲೂ ಅದು ತುಸು ಹಿಂದೆ ಮುಂದೆ ಶುರುವಾಗಿತ್ತು. ಒಂದು ಕಿಟಕಿ ಹಾಡಿದ ಸಾಲನ್ನು ಇನ್ನೊಂದು ಕಿಟಕಿ ಆಮೇಲೆ ಹಾಡುತ್ತಿತ್ತು.

“ತಾಳ ತಪ್ತಿದೆ ಅತಾ. ಎಲ್ಲಾ ಕಡೆ ಒಟ್ಟಿಗೆ ಶುರು ಮಾಡಿಸ್ಲಾ?” ಎಂದಳು ಜಿಪರ್.

“ಬೇಡ. ಯಾವಾಗ್ಲೂ ಓಡೋಡಿ ಹಾಡ್ತೀಯ ಅಂತ ಅವಳನ್ನ ಬೈತಿದ್ದೆ.” ಅಜ್ಜ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಅವಳಿಗೂ ಜಾಗ ಮಾಡಿಕೊಟ್ಟರು. “ಇವತ್ತು ನೋಡು, ಎಷ್ಟು ನಿಧಾನ.”