ಚೆಂಡು ಇನ್ನೂ ಆಟದಲ್ಲಿದೆ

ನನಗೆ ಒಂದು ಕಡೆ ಕೂತುಕೊಳ್ಳಲು ಬರುವುದಿಲ್ಲ. ಇದಕ್ಕೆ ನನ್ನ ಗಂಡ ರೋಗ ಅನ್ನುತ್ತಾರೆ, ನಾನು ಕೆಲಸದಿಂದ ಬಂದ ಗುಣ ಅನ್ನುತ್ತೇನೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿಂತುಕೊಂಡೇ ವರ್ಷಗಳನ್ನು ಕಳೆದವಳು ನಾನು. ಚಿಗರಿ ಎಂಬ ವೇಗದ ಬಸ್ಸುಗಳು ಬೇರೆ ಗಾಡಿ ಬಿಡದ ತಮ್ಮದೇ ದಾರಿಯಲ್ಲಿ ಸರ್ರನೆ ಹೋಗುವಾಗ ನಮ್ಮ ಬಸ್ಸು ಉಣಕಲ್ ಹತ್ತಿರ ಸಿಕ್ಕಿಹಾಕಿಕೊಂಡಿತೆಂದರೆ ನನ್ನ ಕಾಲು ಸುಮ್ಮನಿರುವುದಿಲ್ಲ. ಟಿಕೆಟ್ ಕೊಟ್ಟು ಮುಗಿದಿದ್ದರೂ ಬಾಗಿಲಿನಿಂದ ಹಿಂದಿನ ಸೀಟಿನ ತನಕ, ಅಲ್ಲಿಂದ ಡ್ರೈವರ್ ತನಕ ಓಡಾಡುತ್ತೇನೆ. ಕಾಯುವುದೆಂದರೆ ನನಗೆ ಹಲ್ಲುನೋವಿಗಿಂತ ಕಡೆ. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಆರಿಸಿಕೊಂಡ ಆಟ ಬೇಸ್‌ಬಾಲ್. ಅದರಲ್ಲೂ ಅವಳಿಗೆ ಸಿಕ್ಕ ಜಾಗ ಮುಖಕ್ಕೆ ಜಾಲರಿ ಕಟ್ಟಿಕೊಂಡು, ಕುಕ್ಕುರುಗಾಲಿನಲ್ಲಿ ಕೂತು, ಚೆಂಡಿಗಾಗಿ ಕಾಯುವ ಕ್ಯಾಚರ್‌ನದು.

ನಮ್ಮ ಕಡೆ ಬೇಸ್‌ಬಾಲ್ ಅಂದರೆ ಸಿನಿಮಾದಲ್ಲಿ ಗೂಂಡಾಗಳ ಕೈಯಲ್ಲಿ ಕಾಣುವ ಬ್ಯಾಟು, ಅಷ್ಟೇ. ಮಗಳ ಸಾಲೆಯ ಪಿ.ಟಿ. ಟೀಚರ್ ಅದನ್ನು ಮಕ್ಕಳ ಕೈಗೆ ಕೊಟ್ಟಾಗ ಓಣಿಯವರೆಲ್ಲ ನಕ್ಕರು. ಮಗಳು ಮಾತ್ರ ಹಟ ಹಿಡಿದಳು. ಓಣಿಯ ಕ್ರಿಕೆಟ್ಟಿನಲ್ಲಿ ಹುಡುಗರು ಅವಳನ್ನು ಯಾವಾಗಲೂ ಕೀಪಿಂಗಿಗೇ ನಿಲ್ಲಿಸುತ್ತಿದ್ದರು, ಬ್ಯಾಟು ಕೊಡುತ್ತಿರಲಿಲ್ಲ. ಈ ಆಟದಲ್ಲಿ ಹಿಂದೆ ಕೂತವಳೇ ಎಲ್ಲರಿಗೂ ಸನ್ನೆ ಮಾಡಿ ಆಡಿಸುತ್ತಾಳೆ ಎಂದು ಗೊತ್ತಾದ ದಿನ ಅವಳು ಮನೆಗೆ ಬಂದು ತಟ್ಟೆ, ಲೋಟ, ಡಬ್ಬಿಗಳನ್ನು ನೆಲದ ಮೇಲಿಟ್ಟು ನನಗೆ ಆಟ ಕಲಿಸಿದಳು. ನಾಲ್ಕು ಮೂಲೆ, ನಾಲ್ಕು ಬೇಸ್. ಹೊಡೆದವಳು ಮೂರನ್ನು ದಾಟಿ ತಿರುಗಿ ಹೊಡೆದ ಜಾಗಕ್ಕೇ ಬಂದು ಮುಟ್ಟಿದರೆ ಒಂದು ರನ್. ಆ ಕೊನೆಯ ಮೂಲೆಗೆ ಇಂಗ್ಲಿಷಿನಲ್ಲಿ ಹೋಮ್, ನಮ್ಮ ಹುಡುಗಿಯರು ಮನಿ ಅನ್ನುತ್ತಾರೆ. ಮನಿ ಕಾಯುವುದು ನನ್ನ ಮಗಳ ಕೆಲಸ. ಎದುರಿನ ತಂಡದ ಮೂವರು ಔಟಾದರೆ ಅವರ ಸರದಿ ಮುಗಿಯಿತು.

ಅವಳು ಹಿಡಿದದ್ದು ಹೊರದೇಶದಲ್ಲಿ ನಡೆಯುವ ಮಕ್ಕಳ ಟೂರ್ನಿಯೊಂದರ ದಾರಿ. ಅದಕ್ಕೆ ಊರೂರಿನಿಂದ ಒಬ್ಬೊಬ್ಬರನ್ನು ಹೆಕ್ಕಿ ದೇಶದ ತಂಡ ಕಟ್ಟುವುದಿಲ್ಲ. ದೇಶವನ್ನು ವಿಭಾಗಗಳಾಗಿ ಮಾಡಿ, ಒಂದೊಂದು ವಿಭಾಗದಲ್ಲಿ ಗೆದ್ದ ಊರಿನ ತಂಡವನ್ನು ಹಾಗೇ ಇಡಿಯಾಗಿ ಮುಂದಕ್ಕೆ ಕಳಿಸುತ್ತಾರೆ. ಅಂದರೆ ನಮ್ಮ ವಿಭಾಗ ಗೆದ್ದರೆ ನಮ್ಮ ಓಣಿಗಳ ಹುಡುಗಿಯರೇ, ಒಬ್ಬರ ಬೂಟು ಒಬ್ಬರು ಹಾಕಿಕೊಳ್ಳುವ ಇವೇ ಮಕ್ಕಳು, ವಿಮಾನ ಹತ್ತುತ್ತಾರೆ. ಹದಿನಾಲ್ಕು ತುಂಬಿದರೆ ವಯಸ್ಸು ಮೀರಿತು. ಮಗಳಿಗೆ ಎರಡು ವರ್ಷ ಮಾತ್ರ ಉಳಿದಿತ್ತು.

ಮೊದಲ ವರ್ಷ ವಿಭಾಗದ ಕೊನೆಯ ಪಂದ್ಯ ಬೇರೆ ಊರಿನಲ್ಲಿತ್ತು. ನಾನು ರಜೆ ಹಾಕಿ ಹೋಗಿದ್ದೆ. ಬೇರೆ ತಾಯಂದಿರು ನೆರಳಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದರೆ ನಾನು ಹಗ್ಗದ ಹೊರಗೆ ಮೈದಾನ ಸುತ್ತುತ್ತಿದ್ದೆ. ಎದುರಾಳಿಗಳ ಕೊನೆಯ ಸರದಿ ನಡೆದಿತ್ತು, ನಾವು ಒಂದು ರನ್ ಮುಂದೆ. ಅವರಲ್ಲಿ ಒಬ್ಬಳು ಔಟಾಗಿದ್ದಳು, ಇಬ್ಬರು ಎರಡನೇ ಮತ್ತು ಮೂರನೇ ಬೇಸಿನ ಮೇಲೆ ನಿಂತಿದ್ದರು. ಹೊಡೆಯಲು ಬಂದವಳು ಚೆಂಡನ್ನು ನೆಲಕ್ಕೆ ಹೊಡೆದಳು. ನಮ್ಮವಳೊಬ್ಬಳು ಅದನ್ನು ಬಾಚಿ ಮೊದಲ ಬೇಸಿಗೆ ಎಸೆದಳು, ಹೊಡೆದವಳು ಮುಟ್ಟುವ ಮೊದಲೇ ಅಲ್ಲಿದ್ದವಳು ಹಿಡಿದಳು. ಎರಡನೇ ಔಟ್.

ಆಗ ನಮ್ಮ ಮಕ್ಕಳು ಮಾಡಿದ್ದನ್ನು ನಮ್ಮ ಮಕ್ಕಳೇ ಮಾಡಬೇಕು. ಕ್ರಿಕೆಟ್ಟಿನಲ್ಲಿ ವಿಕೆಟ್ ಬಿದ್ದರೆ ಏನಾಗುತ್ತದೆ? ಎಲ್ಲರೂ ಓಡಿ ಬಂದು ಒಬ್ಬರ ಮೇಲೊಬ್ಬರು ಬಿದ್ದು ತಬ್ಬಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಚೆಂಡಿಗೆ ಜೀವವಿಲ್ಲ, ರನ್ ಯಾರೂ ಓಡುವುದಿಲ್ಲ. ಹುಟ್ಟಿದಾಗಿನಿಂದ ಟಿವಿಯಲ್ಲಿ ನೋಡಿದ್ದು ಅದೇ, ಓಣಿಯಲ್ಲಿ ಆಡಿದ್ದು ಅದೇ. ಒಂಬತ್ತೂ ಹುಡುಗಿಯರು ಕಿರುಚುತ್ತ ಮೊದಲ ಬೇಸಿಗೆ ಓಡಿದರು. ನನ್ನ ಮಗಳು ಮುಖದ ಜಾಲರಿ ಕಿತ್ತೆಸೆದು, ಮನಿ ಬಿಟ್ಟು, ಎಲ್ಲರಿಗಿಂತ ಮುಂದೆ ಓಡಿದಳು. ಬೇಸ್‌ಬಾಲಿನಲ್ಲಿ ಒಬ್ಬಳು ಔಟಾದರೂ ಚೆಂಡಿನ ಜೀವ ಹೋಗುವುದಿಲ್ಲ. ಮೂರನೇ ಬೇಸಿನ ಹುಡುಗಿ ತನ್ನ ಕೋಚಿನ ಮುಖ ನೋಡಿದಳು, ಓಡಿದಳು, ಖಾಲಿ ಮನಿ ಮುಟ್ಟಿದಳು. ಅವಳ ಹಿಂದೆಯೇ ಇನ್ನೊಬ್ಬಳು. ಚೆಂಡು ತಬ್ಬಿಕೊಂಡವರ ಗುಂಪಿನ ನಡುವೆ ಎಲ್ಲೋ ಇತ್ತು. ನಾನು ಹಗ್ಗದಾಚೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಎದುರಿನವರು ಕುಣಿಯತೊಡಗಿದಾಗಲೇ ನಾವು ಸೋತದ್ದು ಗೊತ್ತಾದದ್ದು.

ವಾಪಸು ಬರುವ ರೈಲಿನಲ್ಲಿ ಟೀಚರ್ ಬೈಯಲಿಲ್ಲ. ಇನ್ನು ಮೇಲೆ ಯಾರೇ ಔಟಾದರೂ ಇದ್ದ ಜಾಗದಲ್ಲೇ ನಿಲ್ಲಬೇಕು, ಎಷ್ಟು ಔಟಾಯಿತೆಂದು ಬೆರಳೆತ್ತಿ ತೋರಿಸಬೇಕು, ಅಂಪೈರ್ ಆಟ ಮುಗಿಯಿತು ಅನ್ನುವ ತನಕ ಯಾರೂ ನಗಬಾರದು ಎಂದಷ್ಟೇ ಹೇಳಿದರು. ಬೇರೆ ಹುಡುಗಿಯರು ಅತ್ತು, ಹುಬ್ಬಳ್ಳಿ ಬರುವಷ್ಟರಲ್ಲಿ ಶೇಂಗಾ ತಿನ್ನತೊಡಗಿದ್ದರು. ನನ್ನ ಮಗಳು ಕಿಟಕಿಯ ಸರಳು ಹಿಡಿದು ಕೂತಿದ್ದಳು.

ಟೀಚರ್ ಹೇಳಿದ್ದು ಮೈದಾನಕ್ಕೆ. ನಮ್ಮ ಹುಡುಗಿ ಅದನ್ನು ಮನೆಗೂ ತಂದಳು.

ನನ್ನ ತಂಗಿಗೆ ಸತ್ತೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಅದೇ ಆಸ್ಪತ್ರೆಯ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಫೋನು ಮಾಡಿ ಹೆಣ್ಣುಮಗು, ಇಬ್ಬರೂ ಆರಾಮ ಅಂದರು. ನಾನು ಒಲೆಯ ಮುಂದೆಯೇ ಕುಣಿದೆ. ಮಗಳು, ಅವರು ಡಿಸ್ಚಾರ್ಜ್ ಆಗಿ ಮನೆಗೆ ಬಂದರೋ ಎಂದು ಕೇಳಿದಳು. ಇಲ್ಲ ಅಂದೆ. ಹಾಗಾದರೆ ಇನ್ನೂ ಮುಗಿದಿಲ್ಲವಲ್ಲ ಎಂದು ಪುಸ್ತಕ ತೆಗೆದಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದಾಗಲೂ ಅದೇ ಮಾತು, ವಾರ್ಷಿಕ ಪರೀಕ್ಷೆ ಬಾಕಿ ಇದೆಯಂತೆ. ಮುಂದಿನ ವರ್ಷದ ತಂಡಕ್ಕೆ ಅವಳು ಮತ್ತೆ ಆಯ್ಕೆಯಾದ ದಿನ ನಾನು ಗೋಧಿ ಹುಗ್ಗಿ ಮಾಡಿದೆ. ತುಪ್ಪ ಹಾಕಿ ಮುಂದಿಟ್ಟೆ. ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

"ಇನ್ನ ಮುಗದಿಲ್ಲವ್ವಾ."

ನನಗೆ ಸಿಟ್ಟು ನೆತ್ತಿಗೇರಿತು. ಗೋಧಿ ಕುಟ್ಟಿದ ಕೈ ನನ್ನದು. ಬೈದೆ. ಅವಳು ಎದ್ದು ಹಾಸಿಗೆ ಹಾಸಿಕೊಂಡಳು. ಮೊದಲೆಲ್ಲ ಇವಳು ನಕ್ಕರೆ ಪಕ್ಕದ ಮನೆಯವರು ಏನಾಯಿತೆಂದು ಇಣುಕುತ್ತಿದ್ದರು, ಅಂಥ ನಗು. ಆ ರಾತ್ರಿ ಹುಗ್ಗಿ ನಾವಿಬ್ಬರೇ ತಿಂದೆವು. ಗಂಡ ಎರಡನೇ ಸಲ ಬಡಿಸಿಕೊಂಡು, ಹುಡುಗಿ ದೊಡ್ಡವಳಾಗುತ್ತಿದ್ದಾಳೆ ಬಿಡು ಅಂದರು. ಅವರಿಗೆ ಎಲ್ಲದಕ್ಕೂ ಒಂದು ಸಮಾಧಾನ ಸಿಗುತ್ತದೆ. ನನಗೆ ಹೆದರಿಕೆಯಾಗಿತ್ತು. ಗೆಲ್ಲುವ ಕಪ್, ವಿಮಾನ ಎಲ್ಲ ಹಾಳಾಗಿ ಹೋಗಲಿ, ಈ ಮಗು ನಗುವುದನ್ನೇ ಮರೆತರೆ ಏನು ಮಾಡಲಿ?

ಮರುದಿನ ಡ್ಯೂಟಿ ಮುಗಿದದ್ದೇ ಸಾಲೆಗೆ ನುಗ್ಗಿದೆ. ಟೀಚರ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದರು. ನೀವು ಮಕ್ಕಳಿಗೆ ಆಟ ಕಲಿಸುತ್ತೀರೋ ಸೂತಕ ಕಲಿಸುತ್ತೀರೋ ಎಂದು ಕೇಳಿಯೇಬಿಟ್ಟೆ. ಅವರು ಸುಣ್ಣದ ಬುಟ್ಟಿ ಕೆಳಗಿಟ್ಟು ನನ್ನ ಮಾತೆಲ್ಲ ಮುಗಿಯುವ ತನಕ ಕಾದರು.

"ಉಳಿದಾರೆಲ್ಲಾ ಮರತಾರ್ರೀ ಅಕ್ಕಾರ. ನಿಮ್ಮ ಮಗಳೊಬ್ಬಾಕಿ ಇನ್ನೂ ಅಲ್ಲೇ ಮನಿ ಕಾಯ್ಕೋತ ನಿಂತಾಳ. ನಾ ಕರದ್ರ ಬರವಲ್ಲಳು."

ಅವರೂ ಅವಳನ್ನು ನಗಿಸಲು ನೋಡಿ ಸೋತಿದ್ದರು. ಆಮೇಲೆ ಅವರು ಗೆರೆ ಎಳೆದರು, ನಾನು ಬುಟ್ಟಿ ಹಿಡಿದುಕೊಂಡು ಹಿಂದೆ ನಡೆದೆ.

ಆ ವರ್ಷದ ಕೊನೆಯ ಪಂದ್ಯ ಧಾರವಾಡದಲ್ಲೇ ಬಂತು. ಅದೇ ಎದುರಾಳಿಗಳಲ್ಲ, ಬೇರೆ ಊರಿನವರು, ಎತ್ತರದ ಹುಡುಗಿಯರು. ಮಗಳಿಗೆ ಇದೇ ಕಡೆಯ ಅವಕಾಶ. ನನಗೆ ರಜೆ ಸಿಗಲಿಲ್ಲ. ಬೆಳಗಿನ ಪಾಳಿ ಮುಗಿಸಿ, ಖಾಕಿ ಬದಲಿಸುವಷ್ಟೂ ತಾಳ್ಮೆಯಿಲ್ಲದೆ ಹಾಗೇ ಮೈದಾನಕ್ಕೆ ಓಡಿದೆ. ಗಂಡ ಬೇವಿನ ಮರದ ಕೆಳಗೆ ಕೂತು ಚುರುಮುರಿ ತಿನ್ನುತ್ತಿದ್ದರು. ಒಂದೀಟು ಕೂತುಕೋ, ನಿನ್ನನ್ನು ನೋಡಿ ನನಗೆ ತಲೆ ತಿರುಗುತ್ತದೆ ಅಂದರು. ನಾನು ಆಗಲೇ ಸುತ್ತು ಹೊರಟಿದ್ದೆ.

ಎದುರಾಳಿಗಳ ಕೊನೆಯ ಸರದಿ. ನಾವು ಒಂದು ರನ್ ಮುಂದೆ, ಈ ಸಲವೂ ಒಂದೇ. ಅವರಲ್ಲಿ ಒಬ್ಬಳು ಔಟಾದದ್ದನ್ನು ಕಣ್ಣಾರೆ ನೋಡಿದೆ. ನಮ್ಮ ಹುಡುಗಿಯರು ನಿಂತಲ್ಲೇ ಒಂದೊಂದು ಬೆರಳೆತ್ತಿದರು. ಒಬ್ಬಳು ಮೂರನೇ ಬೇಸಿಗೆ ಬಂದು ನಿಂತಳು. ನೋಡಲಾಗದೆ ನಾನು ನೀರಿನ ಟಾಕಿಯ ಹಿಂದೆ ಹೋದೆ. ಅಲ್ಲಿ ನನಗೆ ಕಾಣಿಸಿದ್ದು ಪಾಚಿ ಹಿಡಿದ ಗೋಡೆ, ಕೇಳಿಸಿದ್ದು ಚಪ್ಪಾಳೆ. ದೊಡ್ಡ ಚಪ್ಪಾಳೆ, ನಮ್ಮವರದೇ. ಎರಡನೆಯವಳೂ ಔಟಾದಳು ಎಂದು ಎದೆ ಹಿಡಿದುಕೊಂಡು ಈಚೆ ಬಂದೆ.

ಆ ಚಪ್ಪಾಳೆ ಔಟಿನದಲ್ಲ. ಎದುರಿನವಳು ಹೊಡೆದ ಚೆಂಡು ಎಸೆಯುವ ನಮ್ಮ ಹುಡುಗಿಯ ಮೊಣಕಾಲಿಗೆ ಬಡಿದಿತ್ತು, ಹೊಡೆದವಳು ಮೊದಲ ಬೇಸ್ ಸೇರಿದ್ದಳು, ನಮ್ಮವಳು ಬಿದ್ದು ಮತ್ತೆ ಎದ್ದು ನಿಂತಿದ್ದಳು. ಅದಕ್ಕೆ ಜನ ತಟ್ಟಿದ್ದರು. ಇದೆಲ್ಲ ನನಗೆ ಆಮೇಲೆ ಗಂಡ ಹೇಳಿದ್ದು.

ಮುಂದಿನ ಹುಡುಗಿ ಚೆಂಡನ್ನು ಮೇಲಕ್ಕೆ ಹೊಡೆದಳು. ಅದು ಹೆಚ್ಚು ದೂರ ಹೋಗದೆ ಇಳಿಯಿತು, ಎಸೆಯುವವಳೇ ಎರಡು ಹೆಜ್ಜೆ ಹಿಂದೆ ಸರಿದು ಹಿಡಿದಳು. ನನ್ನ ಲೆಕ್ಕದಲ್ಲಿ ಅದು ಮೂರನೆಯದು. ಗೆದ್ದೆವು! ಹುಡುಗಿಯರೆಲ್ಲ ಕಲ್ಲಿನ ಹಾಗೆ ನಿಂತಿದ್ದರು, ಗೆದ್ದ ಮೇಲೂ ಹೀಗೆ ನಿಲ್ಲುತ್ತಾರಲ್ಲ ಎಂದು ಕರುಳು ಚುರುಕ್ ಎಂದಿತು. ಒಂದು ವರ್ಷ ತಡೆದುಕೊಂಡಿದ್ದೆಲ್ಲ ಕಾಲಿಗಿಳಿಯಿತು. ಹಗ್ಗ ಎತ್ತಿ ನುಸುಳಿದೆ. ಖಾಕಿ ಅಂಗಿ, ಕೊರಳಲ್ಲಿ ಸೀಟಿ, ಒಂದು ಚಪ್ಪಲಿ ಎಲ್ಲೋ ಉಳಿಯಿತು. ಎರಡೂ ಕೈ ಚಾಚಿಕೊಂಡು ನೇರ ಮಗಳ ಕಡೆ ಓಡಿದೆ.

ಮೂರನೇ ಬೇಸಿನ ಹುಡುಗಿ ನನ್ನನ್ನು ನೋಡಿ ಹೆದರಿ ಬೇಸನ್ನು ಇನ್ನೂ ಗಟ್ಟಿಯಾಗಿ ಮೆಟ್ಟಿಕೊಂಡಳು. ಅಂಪೈರ್ ಎರಡೂ ಕೈ ಎತ್ತಿ ಆಟ ನಿಲ್ಲಿಸಿದರು. ಪೊಲೀಸರು ಯಾಕೆ ಬಂದರೆಂದು ಅವರು ಕೇಳಿದರಂತೆ. ಮಗಳು ನಿಂತಲ್ಲಿಂದಲೇ ಅಂಗೈಯನ್ನು ನನ್ನ ಮುಂದೆ ಹಿಡಿದಳು.

"ಅವ್ವಾ, ಅಲ್ಲೇ ನಿಂದ್ರ. ಇನ್ನ ಒಂದ್ ಐತಿ."

ಸುತ್ತ ನೋಡಿದೆ. ಎಲ್ಲ ಹುಡುಗಿಯರ ಕೈಯಲ್ಲೂ ಎರಡೇ ಬೆರಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಟೀಚರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಆಗ ಜಾಲರಿಯ ಹಿಂದಿನಿಂದ ಒಂದು ಸದ್ದು ಬಂತು. ಮೊದಲು ಅವಳು ಅಳುತ್ತಿದ್ದಾಳೆ ಅಂದುಕೊಂಡೆ, ಭುಜಗಳು ಹಾಗೆ ಅಲುಗುತ್ತಿದ್ದವು. ಅಳುವಲ್ಲ. ಪಕ್ಕದ ಮನೆಯವರು ಇಣುಕುತ್ತಿದ್ದ ಆ ನಗು, ತಡೆಯಲು ನೋಡಿ ತಡೆಯಲಾಗದೆ ಮೂಗಿನಿಂದ ಬರುತ್ತಿತ್ತು. ಎಸೆಯುವ ಹುಡುಗಿ ನಕ್ಕಳು, ಬೇಸುಗಳ ಮೇಲಿದ್ದವರು ನಕ್ಕರು, ಎದುರಿನ ತಂಡದವರೂ ನಕ್ಕರು. ಆದರೆ ಯಾರೂ ಜಾಗ ಬಿಡಲಿಲ್ಲ. ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಮನಿಯ ಮೇಲೆ ನಿಂತಿದ್ದಳು.

ಅಂಪೈರ್ ನನಗೆ ಹಿಂದಿಯಲ್ಲಿ ಮರ್ಯಾದೆಯಿಂದಲೇ ನಾಲ್ಕು ಮಾತು ಹೇಳಿ ಹಗ್ಗದಾಚೆ ಕಳಿಸಿದರು. ಗಂಡ ನನ್ನ ಚಪ್ಪಲಿ ಹಿಡಿದುಕೊಂಡು ಬಂದಿದ್ದರು. ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡರು.

ಆಟ ಮತ್ತೆ ಶುರುವಾಯಿತು. ಮಗಳು ಕುಕ್ಕುರುಗಾಲಿನಲ್ಲಿ ಕೂತಳು. ಎತ್ತರದ ಹುಡುಗಿಯೊಬ್ಬಳು ಬ್ಯಾಟು ಹಿಡಿದು ನಿಂತಳು. ಬೀಸಿದಳು, ತಪ್ಪಿತು. ಮತ್ತೆ ಬೀಸಿದಳು, ತಪ್ಪಿತು. ಮೂರನೆಯದೂ ತಪ್ಪಿದರೆ ಅವಳು ಔಟ್. ನನ್ನ ಪಕ್ಕದಲ್ಲಿ ಯಾರೋ ದೇವರ ಹೆಸರು ಹೇಳುತ್ತಿದ್ದರು. ಮೂರನೆಯ ಸಲ ಬ್ಯಾಟು ಗಾಳಿಯನ್ನಷ್ಟೇ ಸೀಳಿತು, ಚೆಂಡು ಧಪ್ ಎಂದು ಮಗಳ ಕೈಗವಸಿನಲ್ಲಿ ಬಿತ್ತು.

ಯಾರೂ ಅಲುಗಲಿಲ್ಲ. ಒಂಬತ್ತೂ ಹುಡುಗಿಯರು ಮೂರು ಬೆರಳೆತ್ತಿ ನಿಂತಿದ್ದರು. ಮಗಳು ತಲೆಯೆತ್ತಿ ಅಂಪೈರ್ ಮುಖ ನೋಡಿದಳು. ಅವರು ಆಟ ಮುಗಿಯಿತು ಅಂದರು. ಅವಳಿಗೆ ಸಾಲಲಿಲ್ಲ, ಏನೋ ಕೇಳಿದಳು. ಅವರು ನಕ್ಕು ಮತ್ತೊಮ್ಮೆ ಹೇಳಿದರು. ಆಗ ಉಳಿದ ಹುಡುಗಿಯರು ಕಿರುಚಿಕೊಂಡು ಓಡಿದರು, ಟೀಚರ್ ಓಡಿದರು. ಅವಳು ಜಾಲರಿಯನ್ನು ತಲೆಯ ಮೇಲಕ್ಕೆ ಸರಿಸಿ ಹಗ್ಗದುದ್ದಕ್ಕೂ ಹುಡುಕಿದಳು. ಖಾಕಿ ಹುಡುಕುವುದೇನು ಕಷ್ಟವಲ್ಲ.

"ಅವ್ವಾ, ಈಗ ಬಾ."

ಗಂಡ ರಟ್ಟೆ ಬಿಟ್ಟರು. ಹೋಗು ಅಂದರು. ಜೀವಮಾನವಿಡೀ ಒಂದು ಕಡೆ ನಿಲ್ಲದ ನನ್ನ ಕಾಲುಗಳು ಆಗ ಏಳಲಿಲ್ಲ. ಹಗ್ಗ ಹಿಡಿದುಕೊಂಡು ಅಲ್ಲೇ ನಿಂತೆ, ಕಣ್ಣಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಇನ್ನೊಮ್ಮೆ ಕರೆದಳು. ಆಮೇಲೆ ಮನಿ ಬಿಟ್ಟು ಅವಳೇ ಓಡಿ ಬಂದಳು, ಬಾಯಿ ತುಂಬ ನಗುತ್ತ, ಎದೆಗೆ ಕಟ್ಟಿದ ಕವಚ ಹಾಗೇ ಇಟ್ಟುಕೊಂಡು. ನನಗೆ ಬಂದು ಡಿಕ್ಕಿ ಹೊಡೆದಾಗ ಚೆಂಡು ಇನ್ನೂ ಅವಳ ಕೈಗವಸಿನಲ್ಲೇ ಇತ್ತು.