ಬಸ್ಸು ಹತ್ತುವ ಮಾತ್ರೆ

ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುತ್ತಿದ್ದ ಯಜಮಾನರೊಬ್ಬರಿಗೆ ಪಾರ್ಕಿನ್ಸನ್ ಕಾಯಿಲೆ. ಮಾತ್ರೆಯ ಶಕ್ತಿ ಇಳಿದಂತೆ ಅವರ ದುಂಡನೆಯ ಅಕ್ಷರ ಸಾಸಿವೆಯಷ್ಟಾಗುತ್ತಿತ್ತು. ಆಗ ಪೆನ್ನು ಮುಚ್ಚಿ, "ತಡೀರಿ, ಅಕ್ಷರ ಕುಗ್ತಾ ಐತೆ" ಎನ್ನುತ್ತಿದ್ದರು. ಮುಂದಿನ ಮಾತ್ರೆ ನುಂಗಿ, ಅದು ಹಿಡಿಯುವವರೆಗೆ ನಡುಗುವ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದರು.

ನನ್ನ ಅಮ್ಮನ ಜಮೀನಿನ ಖಾತೆ ಬೇರೆಯವರ ಹೆಸರಿಗೆ ಆಗುವುದರಲ್ಲಿತ್ತು. ತಕರಾರು ಸಲ್ಲಿಸಲು ಅಂದೇ ಕೊನೆಯ ದಿನ. ಮೂರು ಗಂಟೆಗೆ ಅವರ ಬಳಿ ಓಡಿ ಬಂದೆ. ನಾಲ್ಕೇ ಸಾಲಿಗೆ ಅಕ್ಷರ ಕುಗ್ಗಿತು. "ಕೊಡಿ, ನಾನೇ ಬರೀತೀನಿ" ಎಂದರೆ ಹಾಳೆ ಬಿಡಲಿಲ್ಲ. ಜೇಬಿನ ಡಬ್ಬಿಯಲ್ಲಿ ಒಂದೇ ಮಾತ್ರೆ ಉಳಿದಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು, ನುಂಗಿದರು.

"ಇನ್ನೂ ಎಷ್ಟೊತ್ತು?" ಎಂದು ನಾನು ಮೂರು ಸಲ ಕೇಳಿದೆ. ಬಾಗಿಲು ಹಾಕುವ ಮೊದಲು ಅರ್ಜಿ ಒಳಗೆ ಹೋಯಿತು.

ಆರೂವರೆಗೆ ಬಸ್ ನಿಲ್ದಾಣದಲ್ಲಿ ಅವರು ಮತ್ತೆ ಕಂಡರು. ಶಿವನಿ ಬಸ್ಸಿನ ಬಾಗಿಲ ಮುಂದೆ, ಕಾಲು ನೆಲಕ್ಕೆ ಅಂಟಿದಂತೆ ನಿಂತಿದ್ದರು. ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ.

"ಯಾಕ್ ಯಜಮಾನ್ರೇ, ದಿನಾ ಸಂಜೆ ಮಾತ್ರೆ ನುಂಗಿ ಆರಾಮಾಗಿ ಹತ್ತುತ್ತಿದ್ರಲ್ಲ, ಇವತ್ತು ನುಂಗ್ಲಿಲ್ವಾ?" ಎಂದ ಕಂಡಕ್ಟರ್.

ಅವರು ನನ್ನ ಕಡೆ ನೋಡಲಿಲ್ಲ.

"ನುಂಗಿದೀನಿ, ತಡೀರಿ" ಎಂದರು.